ಆಫ್ರಿಕಾದ ನದಿಯಲ್ಲಿ ಒಡೆಯದ ತೆಂಗಿನಕಾಯಿ

ಆರಾಮವಾಗಿ ಕೂರುವುದು ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ, ಕೆಲವರು ನಿವೃತ್ತಿಯಾದ ಮೇಲೆ ಕಲಿಯುತ್ತಾರೆ, ನನಗೆ ಮಾತ್ರ ಎಷ್ಟು ಹೆಣಗಿದರೂ ಹತ್ತಲಿಲ್ಲ. ಕುರ್ಚಿ ಎಷ್ಟೇ ಮೆತ್ತಗಿರಲಿ, ಅದರ ತುದಿಯಲ್ಲಿ ಕೂರುವ ಜಾತಿ ನನ್ನದು. ಇದಕ್ಕೆ ನನ್ನ ಕಸುಬೇ ಕಾರಣವಿರಬೇಕು. ಹೊಸಪೇಟೆಯಲ್ಲಿ ನನ್ನದೊಂದು ಲಾರಿ ಟಯರಿನ ಅಂಗಡಿ ಇದೆ. ಎಲ್ಲೇ ಗಾಡಿ ನಿಂತಿರಲಿ, ಅದರ ಟಯರಿನ ಗೀರಿಗೆ ಹೆಬ್ಬೆರಳಿನ ಉಗುರು ತೂರಿಸಿ ಎಷ್ಟು ಸವೆದಿದೆ ಎಂದು ನೋಡದೆ ನನಗೆ ಸಮಾಧಾನವಿಲ್ಲ. ಕಂಪ್ಲಿಯಲ್ಲಿ ನನ್ನ ಮಾವನವರು ತೀರಿಕೊಂಡ ದಿನ ಅವರನ್ನು ಒಯ್ಯಲು ಬಂದ ಟ್ರ್ಯಾಕ್ಟರಿನ ಪಕ್ಕದಲ್ಲಿ ನಾನು ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದೆ. ಅಳಿಯ ದುಃಖ ತಾಳಲಾರದೆ ಕುಸಿದ ಎಂದು ಬೀಗರೆಲ್ಲ ಬಂದು ಬೆನ್ನು ಸವರಿದರು. ಹಿಂದಿನ ಎಡಗಡೆಯ ಟಯರು ಪೂರಾ ಹೋಗಿತ್ತು.

ಇಂಥವನನ್ನು ಟಯರ್ ಕಂಪನಿಯವರು ಆರಾಮಾಗಿರಲಿ ಎಂದು ಆಫ್ರಿಕಾಕ್ಕೆ ಕಳಿಸಿದರು. ನಮ್ಮ ಕಡೆ ಈಗ ಗಣಿಯ ಕಾಲ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಇಳಿಯುತ್ತವೆ. ಒಂದು ಲಾರಿ ಹೊರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬರುವುದರಿಂದ ಟಯರು ಹಾಕಿದ ಮೂರು ತಿಂಗಳಿಗೇ ಬೋಳಾಗುತ್ತದೆ. ಊರಿನ ಬಿಳಿ ಅಂಗಿಗಳೆಲ್ಲ ಕೆಂಪಾದವು, ಡಾಕ್ಟರುಗಳ ಮುಂದೆ ಕೆಮ್ಮುವವರ ಸಾಲು ಬೆಳೆಯಿತು, ನನ್ನ ವ್ಯಾಪಾರವೂ ಬೆಳೆಯಿತು. ನಾನು ಜಾಣನಾಗಿದ್ದಕ್ಕೆ ಬೆಳೆಯಿತು ಎಂದು ಆಗ ತಿಳಿದಿದ್ದೆ. ಕಂಪನಿಯವರು ಒಂದು ಸ್ಕೀಮು ಇಟ್ಟರು. ಅವರು ಹೇಳಿದಷ್ಟು ಟಯರು ಮಾರಿದರೆ ಗಂಡ ಹೆಂಡತಿ ಇಬ್ಬರಿಗೂ ಆಫ್ರಿಕಾ ಪ್ರವಾಸ. ಜೊತೆಗೆ ಬಂದ ಬಣ್ಣದ ಹಾಳೆಯಲ್ಲಿ ಮುಳುಗುವ ಸೂರ್ಯ, ಅಗಲವಾದ ನದಿ, ನೀರು ಕುಡಿಯುವ ಆನೆ, ದೋಣಿಯಲ್ಲಿ ಕಾಲು ಚಾಚಿ ಕೂತ ಒಂದು ಜೋಡಿ. ಹನ್ನೆರಡು ಕಿಲೋಮೀಟರ್ ದೂರದ ಹಂಪಿಗೆ ದೇಶದೇಶದವರು ಬಂದು ಹರಿಗೋಲಿನಲ್ಲಿ ಕೂತು ನಮ್ಮ ಹೊಳೆಯ ಮೇಲೆ ಸೂರ್ಯ ಮುಳುಗುವುದನ್ನು ನೋಡುತ್ತಾರೆ. ನಾನು ಒಂದು ದಿನವೂ ಹೋಗಿ ಕೂತವನಲ್ಲ. ಆದರೆ ಆ ಹಾಳೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿ ದಿನಕ್ಕೆ ಹತ್ತು ಸಲ ನೋಡಿದೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಹೇಳದೆ ಮುಂದೆ ಹೋದರೆ ನಾನು ಒಳ್ಳೆಯವನೆಂದು ನೀವು ತಿಳಿಯುವ ಅಪಾಯವಿದೆ. ನನ್ನ ಹೆಂಡತಿ ಗಿರಿಜಾಳಿಗೆ ಒಬ್ಬನೇ ತಮ್ಮ, ಬಸವರಾಜ. ಮನೆಯಲ್ಲಿ ಬಸು. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಲಾರಿ ಓಡಿಸುತ್ತಿದ್ದವನು ಗಣಿಯ ಭರಾಟೆ ನೋಡಿ ಹಳೆಯದೊಂದು ಲಾರಿ ಕೊಂಡು ಸಂಡೂರಿನ ದಾರಿ ಹಿಡಿದಿದ್ದ. ಸ್ಕೀಮು ಮುಗಿಯುವ ವಾರ, ಒಂದು ಶನಿವಾರ, ಅಂಗಡಿಗೆ ಬಂದು, "ಭಾವ, ಮುಂದಿನ ಎರಡೂ ಟಯರ್ ಹೋಗ್ಯಾವ್ರಿ. ಒಂದ್ ಜೋಡಿ ಕೊಡ್ರಿ" ಎಂದ. ಗೋಡೌನಿನ ಮೂಲೆಯಲ್ಲಿ ತಾಡಪತ್ರಿ ಹೊದಿಸಿಟ್ಟ ಆರು ಹೊಸ ಟಯರುಗಳಿದ್ದವು. ಮೂವತ್ತು ಲಾರಿಯ ಸಾವ್ಕಾರರೊಬ್ಬರು ಅವನ್ನು ತೆಗೆದಿರಿಸಲು ಹೇಳಿದ್ದರು. ಒಂದು ಕಡಿಮೆಯಾದರೂ ಪೂರಾ ಆರ್ಡರು ಬೇರೆ ಅಂಗಡಿಗೆ ಹೋಗುತ್ತದೆ ಎಂದೂ ಹೇಳಿದ್ದರು. ಆ ಆರ್ಡರು ಹೋದರೆ ಆಫ್ರಿಕಾವೂ ಕೈತಪ್ಪಿ ಹೋದ ಹಾಗೆ. ನಾನು ಬಸುವಿನ ಮುಖ ನೋಡದೆ, "ಸ್ಟಾಕ್ ಇಲ್ಲಪ್ಪ, ಸೋಮವಾರ ಬಾ" ಎಂದೆ. ಅವನು ಒಳಗೆ ಹೋಗಿ ಕೊಡದಲ್ಲಿದ್ದ ನೀರು ಕುಡಿದು ಬಂದು, "ಆತ್ರಿ ಭಾವ, ಸೋಮವಾರ ಬರ್ತೀನಿ" ಎಂದು ಹೋದ. ಭಾನುವಾರ ಘಾಟಿನ ಇಳಿಜಾರಿನಲ್ಲಿ ಅವನ ಲಾರಿಯ ಮುಂದಿನ ಬಲಗಡೆಯ ಟಯರು ಸಿಡಿಯಿತು. ಲಾರಿ ಬಂಡೆಗೆ ಹೊಡೆಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಆಮೇಲೆ ನಾನು ಬಸುವನ್ನು ಅಂಗಡಿಗೆ ಕರೆದುಕೊಂಡು ಬಂದೆ. ಫೋನು ಎತ್ತುವುದು, ಗಿರಾಕಿಗಳನ್ನು ಮಾತಾಡಿಸುವುದು ಅವನ ಕೆಲಸ. ಊರಿನವರು, "ಹೆಂತಾ ಮನಶ್ಯಾರೀ ನೀವು! ಹೆಂಡ್ತಿ ತಮ್ಮನ್ನ ಕೈ ಬಿಡಲಿಲ್ಲ" ಎಂದು ನನ್ನನ್ನು ಹೊಗಳತೊಡಗಿದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ, ಅದು ವಿನಯದಂತೆ ಕಾಣುತ್ತಿತ್ತು. ಗಿರಿಜಾ ಮಾತ್ರ ಹೊಗಳಲಿಲ್ಲ. ಬೈಯಲೂ ಇಲ್ಲ. ಅವಳು ಮಾತನ್ನೇ ಕಡಿಮೆ ಮಾಡಿಬಿಟ್ಟಳು. ಮನೆಯಲ್ಲಿ ತಟ್ಟೆ ಇಟ್ಟ ಸದ್ದಾದರೆ ಊಟ ಸಿದ್ಧ ಎಂದು ನಾನೇ ತಿಳಿದು ಏಳಬೇಕು. ಏನಾದರೂ ಬೇಕಾದರೆ ನಾನು ಅಂಗಡಿ ಮುಟ್ಟುವವರೆಗೆ ಕಾದು ಫೋನು ಮಾಡಿ, "ಬರೂವಾಗ ತೊಗರಿಬ್ಯಾಳಿ ತರಬೇಕಂತ ಹೇಳು" ಎಂದು ಬಸುವಿಗೆ ಹೇಳುತ್ತಿದ್ದಳು. ತಮ್ಮನ ದುಃಖ ಅವಳಿಗೆ, ಇನ್ನೂ ಹಸಿಯಾಗಿದೆ, ಹೋಗ್ತಾ ಹೋಗ್ತಾ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆರು ತಿಂಗಳಾದರೂ ಸರಿಹೋಗಲಿಲ್ಲ. ಅಷ್ಟರಲ್ಲಿ ಟಿಕೆಟ್ಟು ಬಂತು.

ಅವಳು ಬರುವುದಿಲ್ಲ ಎಂದೇ ನನ್ನ ಲೆಕ್ಕಾಚಾರ. ಬಸು ಹಟ ಹಿಡಿದ. "ಅಕ್ಕಾ, ಆನಿ ನೋಡ್ಕೊಂಡು ಬರ್ರಿ. ಅಂಗಡಿ ನಾ ನೋಡ್ಕೊಂತೀನಿ. ಭಾವಗ ಒಬ್ಬರಿಗೇ ಬಿಟ್ರ ಅಲ್ಲಿ ಬಸ್ಸಿನ ಟಯರ್ ನೋಡ್ಕೊಂತ ಕುಂದ್ರತಾರ" ಎಂದ. ಅವಳು ನಕ್ಕಳು. ಮರುದಿನದಿಂದಲೇ ಕಡಕ್ ರೊಟ್ಟಿ ಬಡಿಯಲು ಕೂತಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮಂಡಕ್ಕಿ ಒಗ್ಗರಣೆ, ಇವುಗಳ ನಡುವೆ ಸೀರೆಯಲ್ಲಿ ಸುತ್ತಿದ ಒಂದು ತೆಂಗಿನಕಾಯಿ. ಆಫ್ರಿಕಾದ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿದ ಪೊಲೀಸರು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗಿರಿಜಾ ಕೈಮುಗಿದು, ಕಣ್ಣುಮುಚ್ಚಿ, ಇದು ದೇವರದ್ದು ಎಂದು ಅಭಿನಯಿಸಿ ತೋರಿಸಿದಳು. ಅವರೂ ಕೈಮುಗಿದು ಬಿಟ್ಟುಬಿಟ್ಟರು. ನನ್ನ ಜೊತೆಗಿಲ್ಲದ ಮಾತು ಅವಳಿಗೆ ಭಾಷೆ ಬಾರದ ಪೊಲೀಸರ ಜೊತೆ ಇತ್ತು.

ಜಾಂಬೆಜಿ ಎಂಬುದು ಆ ನದಿಯ ಹೆಸರು. ನಾಲ್ಕನೆಯ ದಿನ ಸಂಜೆ ನಾವು ಟಯರ್ ವ್ಯಾಪಾರಿಗಳೆಲ್ಲ ಹೆಂಡಿರ ಸಮೇತ ಮೇಲೆ ಚಪ್ಪರವಿದ್ದ ಒಂದು ದೊಡ್ಡ ದೋಣಿ ಹತ್ತಿದೆವು. ಬೆತ್ತದ ಕುರ್ಚಿಗಳು, ಮೆತ್ತನೆಯ ದಿಂಬು, ತಣ್ಣನೆಯ ಪಾನೀಯ. ಗೈಡು ಎತ್ತರದ, ಸಮಾಧಾನದ ಮನುಷ್ಯ. ಎಲ್ಲರೂ ಆರಾಮಾಗಿರಿ, ಗದ್ದಲ ಮಾಡಬೇಡಿ, ನದಿಗೆ ಏನನ್ನೂ ಎಸೆಯಬೇಡಿ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ನಾನು ಕುರ್ಚಿಯ ತುದಿಯಲ್ಲಿ ಕೂತೆ. ನೀರಿನಲ್ಲಿ ಲಾರಿಯ ಟ್ಯೂಬುಗಳು ತೇಲುತ್ತಿರುವಂತೆ ಕಂಡಿತು. ಅವು ನೀರಾನೆಗಳು ಎಂದು ಗೈಡು ಹೇಳಿದ. ಒಂದು ಬಾಯಿ ತೆರೆದಾಗ ರಾಯಚೂರಿನ ವ್ಯಾಪಾರಿ, "ಅಪ್ಪಾ, ಗೋಡೌನ್ ಶಟರ್ ಎತ್ತಿದಂಗಾತು" ಎಂದರು. ದಂಡೆಯಲ್ಲಿ ಮೊಸಳೆ ಮಲಗಿತ್ತು. ಹೆಂಗಸರೆಲ್ಲ ಚೀರಿದರು. ಗಿರಿಜಾ ಮಾತ್ರ ಮಂಡಕ್ಕಿ ಡಬ್ಬಿಯಿಂದ ತಲೆ ಎತ್ತಿ ನೋಡಿ, "ನಮ್ಮ ಕಂಪ್ಲಿ ಹೊಳ್ಯಾಗ ಬಟ್ಟಿ ಒಗಿಯೋ ಕಲ್ಲಿನ ಮ್ಯಾಲ ಮಲಗಿರ್ತಾವ" ಎಂದು ರಾಯಚೂರಿನವರ ಹೆಂಡತಿಗೆ ಹೇಳಿ ಮತ್ತೆ ತಿನ್ನತೊಡಗಿದಳು. ಅಷ್ಟರಲ್ಲಿ ಆನೆಗಳ ಹಿಂಡೊಂದು ನೀರಿಗಿಳಿಯಿತು. ಸೂರ್ಯ ಕೆಂಪಗೆ ಮುಳುಗುತ್ತಿದ್ದ. ಹಾಳೆಯಲ್ಲಿದ್ದುದೆಲ್ಲ ಹಾಗೆಯೇ ಎದುರಿಗಿತ್ತು. ಇದಕ್ಕಾಗಿ ನಾನು ಏನು ಮಾಡಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಆಗ ಗಿರಿಜಾ ಎದ್ದಳು. ಹೊಸ ಹೊಳೆ ಕಂಡರೆ ನಮ್ಮ ಹೆಂಗಸರು ಗಂಗೆಪೂಜೆ ಮಾಡದೆ ಬಿಡುವವರಲ್ಲ. ಚೀಲದಿಂದ ಅರಿಶಿಣ ಕುಂಕುಮದ ಪೊಟ್ಟಣ ತೆಗೆದು, ಬಾಗಿ ನೀರಿಗೆ ಚಿಟಿಕೆ ಹಾಕಿ, ಕಾಯಿಯನ್ನು ನನ್ನ ಮುಂದೆ ಹಿಡಿದಳು. "ಬಸುನ ಹೆಸರಿನ ಮ್ಯಾಲ ಒಡೀರಿ" ಎಂದಳು. ಆರು ತಿಂಗಳಲ್ಲಿ ಅವಳಾಗಿ ನನ್ನ ಮುಖ ನೋಡಿ ಆಡಿದ ಮೊದಲ ಮಾತು. ನಾನು ದೋಣಿಯ ಕಬ್ಬಿಣದ ಕಂಬಿಗೆ ಕಾಯಿ ಅಪ್ಪಳಿಸಿದೆ. ಠಣ್ ಎಂದಿತು. ದಂಡೆಯ ಬೆಳ್ಳಕ್ಕಿಗಳೆಲ್ಲ ಹಾರಿದವು. ಕಾಯಿ ಒಡೆಯಲಿಲ್ಲ. ಎರಡನೆಯ ಏಟಿಗೆ ಆನೆಗಳು ಕಿವಿ ಅಗಲಿಸಿ ನಮ್ಮ ಕಡೆ ತಿರುಗಿದವು. ಮೂರನೆಯ ಏಟಿಗೆ ಗೈಡು ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿಬಂದ. ಮನಸ್ಸಿನಲ್ಲಿ ಕಪಟವಿದ್ದವನ ಕೈಯಲ್ಲಿ ಕಾಯಿ ಒಡೆಯುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದದ್ದು ನೆನಪಾಗಿ ಕೈ ಬೆವೆತು, ನಾಲ್ಕನೆಯ ಸಲ ಕಾಯಿ ಜಾರಿ ನದಿಗೇ ಬಿತ್ತು. ತೇಲಿಕೊಂಡು ನೀರಾನೆಗಳ ಕಡೆಗೆ ಹೊರಟಿತು. ಗೈಡು ಉದ್ದ ಕೋಲಿನ ಬಲೆ ಚಾಚಿ ಅದನ್ನು ಎತ್ತಿ, ನೀರೊರೆಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಒಪ್ಪಿಸಿದ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ನಕ್ಕರು. ಗಿರಿಜಾ ನಗಲಿಲ್ಲ.

ಒದ್ದೆ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹೇಳಿದೆ. "ಆ ಶನಿವಾರ ಗೋಡೌನಿನ್ಯಾಗ ಟಯರ್ ಇದ್ವು, ಗಿರಿಜಾ."

ಅವಳು ಆನೆಗಳನ್ನೇ ನೋಡುತ್ತಿದ್ದಳು. "ಗೊತ್ತೈತ್ರಿ."

"ಏನ್ ಗೊತ್ತೈತಿ?"

"ಆರು ಟಯರ್ ಇದ್ವು. ಬಸು ನೀರ್ ಕುಡಿಯಾಕ ಒಳಗ ಹೋದಾಗ ತಾಡಪತ್ರಿ ಎತ್ತಿ ನೋಡಿದ್ನಂತ. ಭಾವ ಯಾರಿಗೋ ಮಾತ್ ಕೊಟ್ಟಾರ, ಕೇಳಿದ್ರ ಅವ್ರಿಗೆ ಪೇಚಾಗ್ತೈತಿ ಅಂತ ಸುಮ್ನ ಹೋದ್ನಂತ. ಆಸ್ಪತ್ರ್ಯಾಗ ಹೇಳಿದ. ಭಾವಗ ಹೇಳಬ್ಯಾಡಕ್ಕಾ ಅಂತ ಆಣಿ ಮಾಡಿಸ್ಕೊಂಡ."

"ಮತ್ತ ನೀ ಯಾಕ ಕೇಳಲಿಲ್ಲ?"

"ನೀವಾಗಿ ಹೇಳ್ತೀರೇನೋ ಅಂತ ಕಾದೆ" ಎಂದಳು. ಕುಂಕುಮದ ಪೊಟ್ಟಣ ಮಡಿಚಿಡುತ್ತ, "ಭಾಳ ತಡಾ ಮಾಡಿದ್ರಿ. ಊರಿಗೆ ಹೋದ ಕೂಡ್ಲೆ ಅವಂಗ ಹೇಳ್ರಿ. ನನಗ ಹೇಳಿದ್ರ ಮುಗೀಲಿಲ್ಲ" ಎಂದಳು. ಆಮೇಲೆ ಮಂಡಕ್ಕಿ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಆರು ತಿಂಗಳು ನಾನು ಬಚ್ಚಿಟ್ಟಿದ್ದೇನೆಂದು ತಿಳಿದಿದ್ದ ವಿಷಯ ನಮ್ಮ ಮನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರ ನಡುವೆ ಓಡಾಡಿಕೊಂಡಿತ್ತು. ಕಾಲು ಕಳೆದುಕೊಂಡವನು ನನಗೆ ಪೇಚಾಗದಿರಲಿ ಎಂದು ದಿನಾ ಎದುರು ಕೂತು ನಗುತ್ತಿದ್ದ. ಅವನು ಬೈದು, ಕೊರಳಪಟ್ಟಿ ಹಿಡಿದಿದ್ದರೆ ನಾನು ಎಷ್ಟೋ ಆರಾಮಾಗಿರುತ್ತಿದ್ದೆ.

ಊರಿಗೆ ಬಂದ ದಿನವೇ ಹೇಳಬೇಕೆಂದು ಅಂಗಡಿಗೆ ಹೋದೆ. ಬಸು ಊರುಗೋಲು ಹಿಡಿದು ಎದ್ದು ನಿಂತು, "ಬರ್ರಿ ಭಾವ! ಆನಿ ಕಂಡ್ವೇನ್ರಿ? ಎಷ್ಟಿದ್ವು?" ಎಂದ. ನಾನು ಆನೆಯ ವಿಷಯ ಒಂದು ತಾಸು ಹೇಳಿದೆ. ಮರುದಿನ ನೀರಾನೆಯ ವಿಷಯ ಹೇಳಿದೆ. ಮೂರನೆಯ ದಿನ ಹಕ್ಕಿಗಳನ್ನು ತೆಗೆದುಕೊಂಡೆ. ನಾನು ಸರಿಯಾಗಿ ನೋಡದೇ ಇದ್ದ ಪ್ರಾಣಿಗಳೂ ಒಂದೊಂದಾಗಿ ನನ್ನ ಬಾಯಿಂದ ಬಂದವು. ಮನೆಗೆ ಹೋದರೆ ಗಿರಿಜಾ, "ಹೇಳಿದ್ರೇನು?" ಎನ್ನುತ್ತಾಳೆ. "ಇವತ್ತು ಗಿರಾಕಿ ಭಾಳ" ಎನ್ನುತ್ತೇನೆ. ಹದಿನೈದು ದಿನ ಹೀಗೆ ಹೋಯಿತು. ತಟ್ಟೆಯ ಸದ್ದು ಮತ್ತೆ ಜೋರಾಗುತ್ತಿದೆ.

ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬಂದೀತು ಎಂದು ಇವತ್ತು ಬೆಳಿಗ್ಗೆಯಿಂದ ಇದನ್ನು ಬರೆಯಲು ಕೂತೆ. ಮಧ್ಯಾಹ್ನದ ಹೊತ್ತಿಗೆ ಬಸು ಎದುರಿನ ಕುರ್ಚಿಯಿಂದ, "ಏನ್ ಬರೀಲಿಕ್ಹತ್ತೀರಿ ಭಾವ, ಮುಂಜಾನಿಂದ?" ಎಂದ. "ಆಫ್ರಿಕಾದ್ದು" ಎಂದೆ. "ಮಸ್ತ್! ನನಗ ಓದಾಕ ಕೊಡ್ರಿ ಮತ್ತ" ಎಂದು ಕೈ ಚಾಚಿದ. ಚಾಚಿದ ಕೈಗೆ ಇಲ್ಲ ಎನ್ನುವುದು ನನಗೆ ಇನ್ನೊಮ್ಮೆ ಸಾಧ್ಯವಿರಲಿಲ್ಲ. ಬರೆದಷ್ಟೂ ಹಾಳೆ ಅವನ ಕೈಯಲ್ಲಿಟ್ಟು, ಸ್ಟಾಕ್ ನೋಡಿ ಬರ್ತೀನಿ ಎಂದು ಹೇಳಿ ಗೋಡೌನಿಗೆ ಬಂದುಬಿಟ್ಟೆ. ಕೊನೆಯ ಈ ನಾಲ್ಕು ಸಾಲನ್ನು ಟಯರಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬಸು ಓದುವುದು ನಿಧಾನ. ಮೊದಲು ಅವನು ನಕ್ಕದ್ದು ಕೇಳಿಸಿತು, ಬಹುಶಃ ಟ್ರ್ಯಾಕ್ಟರಿನ ಪ್ರಸಂಗ ಓದಿ ಇರಬೇಕು. ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಈಗ ಊರುಗೋಲಿನ ಸದ್ದು ಈ ಕಡೆಗೇ ಬರುತ್ತಿದೆ. ಗೋಡೌನಿಗೆ ಹಿಂದುಗಡೆ ಬಾಗಿಲಿಲ್ಲ. ಕಟ್ಟುವಾಗ ಮೇಸ್ತ್ರಿ ಇರಲಿ ಅಂದಿದ್ದ, ನಾನೇ ಯಾಕೆ ಬೇಕು ಎಂದು ಬೇಡವೆಂದಿದ್ದೆ.