ಮೂರು ಯುದ್ಧವಿಮಾನಗಳ ತುಲನಾತ್ಮಕ ತಖ್ತೆ

ನನಗೆ ಸಂಬಂಧಪಟ್ಟ ವಿಷಯಗಳಲ್ಲಿ ನನಗೆ ಅಭಿಪ್ರಾಯವೇ ಇರುವುದಿಲ್ಲ. ಸೀರೆ ಯಾವ ಬಣ್ಣದ್ದು ಬೇಕು, ಪಲ್ಯಕ್ಕೆ ಬದನೆಯೋ ಹೀರೆಯೋ ಎಂದು ಕೇಳಿದರೆ 'ಯಾವುದಾದರೂ ನಡೆಯುತ್ತದೆ' ಎಂದು ಹೇಳಿ ಒಳಗೆ ಹೋಗುತ್ತೇನೆ. ಸಂಬಂಧಪಡದ ವಿಷಯಗಳಲ್ಲಿ ಮಾತ್ರ ನನ್ನ ಅಭಿಪ್ರಾಯ ಕಲ್ಲಿನಂತೆ ಗಟ್ಟಿ. ಅಂಥ ವಿಷಯಗಳಲ್ಲಿ ಮೊದಲನೆಯದು ಯುದ್ಧವಿಮಾನ. ಮೊದಮೊದಲು ಇದನ್ನು ಅವ್ವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮದುವೆಗೆ ಬಂದ ಹೆಣ್ಣುಮಗಳು ಹೇಳಿಕೊಳ್ಳುವಂಥ ಸಂಗತಿಯೂ ಅದಲ್ಲ. ತಪ್ಪು ನನ್ನದಲ್ಲ, ಧಾರವಾಡದ ಫ್ಯಾನಿನದು. ಎಂ.ಎಸ್ಸಿ. ಓದುವಾಗ ಗ್ರಂಥಾಲಯದಲ್ಲಿ ಸರಿಯಾಗಿ ತಿರುಗುವ ಫ್ಯಾನು ಒಂದೇ ಇತ್ತು. ಅದರ ಕೆಳಗಿನ ಕಪಾಟಿನಲ್ಲಿ ವಿಮಾನಶಾಸ್ತ್ರದ ಪತ್ರಿಕೆಗಳಿದ್ದವು. ಎರಡು ಬೇಸಗೆಗಳಲ್ಲಿ ನಾನು ಅವನ್ನೆಲ್ಲ ಓದಿ ಮುಗಿಸಿದೆ. ಫ್ಯಾನು ಅಡುಗೆ ಪುಸ್ತಕಗಳ ಮೇಲಿದ್ದರೆ ನನ್ನ ಜೀವನ ಬೇರೆಯೇ ಆಗುತ್ತಿತ್ತು ಎಂದು ಅವ್ವ ಈಗಲೂ ಹೇಳುತ್ತಾಳೆ.

ಓದು ಮುಗಿದ ಮೇಲೆ ಸಿಕ್ಕದ್ದು ಚಿತ್ತಾಪುರದ ಒಂದು ಸರಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಗುಮಾಸ್ತೆಯ ಕೆಲಸ. ಇಲಾಖೆಯ ಹೆಸರು ಬೇಡ. ವಾಡಿಯಿಂದ ಬೆಳಗಿನ ಪ್ಯಾಸೆಂಜರಿಗೆ ಹೋಗಿ, ಸಂಜೆಯ ಪ್ಯಾಸೆಂಜರಿಗೆ ಬರುತ್ತಿದ್ದೆ. ನಡುವೆ ಮಾತಾಡುವ ಅಗತ್ಯ ಬೀಳುತ್ತಿರಲಿಲ್ಲ, ಏಕೆಂದರೆ ಮಾತಿನ ಕೆಲಸವನ್ನು ಹೆಡ್ ಕ್ಲಾರ್ಕ್ ಶಿವಶರಣಪ್ಪನವರೂ ಸ್ಟೋರನ್ನೂ ಟಪಾಲಿನ ರವಾನೆಯನ್ನೂ ನೋಡಿಕೊಳ್ಳುತ್ತಿದ್ದ ಇಬ್ರಾಹಿಂ ಸಾಹೇಬರೂ ಹಂಚಿಕೊಂಡಿದ್ದರು. ಆಗ ಪತ್ರಿಕೆಗಳಲ್ಲೆಲ್ಲ ವಿಮಾನಗಳದ್ದೇ ಸುದ್ದಿ. ನೆರೆಯ ದೇಶದವರು ಅಮೆರಿಕದಿಂದ ಎಫ್-16 ತರಿಸುತ್ತಾರೆ. ಅದಕ್ಕೆ ನಮ್ಮವರು ಫ್ರಾನ್ಸಿನಿಂದ ಮಿರಾಜ್-2000 ತರಿಸುತ್ತಾರೆ. ರಷ್ಯಾದ ಮಿಗ್-23 ಹೇಗೂ ಇದ್ದೇ ಇದೆ. ಪತ್ರಿಕೆ ನಮ್ಮ ಕಚೇರಿ ಮುಟ್ಟುವುದು ಮಧ್ಯಾಹ್ನಕ್ಕೆ. ಅಲ್ಲಿಂದ ಐದೂವರೆಯವರೆಗೆ ಆಕಾಶಯುದ್ಧ. ಶಿವಶರಣಪ್ಪನವರು ಮಿಗ್ಗಿನ ಕಡೆ, ಇಬ್ರಾಹಿಂ ಸಾಹೇಬರು ಮಿರಾಜಿನ ಕಡೆ.

"ನಮ್ಮ ಮಿಗ್ ಒಮ್ಮೆ ಹೊಂಟಿತಂದ್ರ ಹಿಂದಕ ನೋಡೂದಿಲ್ಲ ನೋಡ್ರಿ" ಎನ್ನುವರು ಶಿವಶರಣಪ್ಪನವರು.

"ಹಿಂದಕ ನೋಡ್ಲಿಲ್ಲಂದ್ರ ಹ್ಯಾಂಗ್ರಿ? ಸೇಡಂ ದಾಟಿ ತಾಂಡೂರಿಗಿ ಹೋಗಿ ತಿರುಗಿ ಬರ್ತದೇನು? ಅಷ್ಟರಾಗ ಲಡಾಯಿ ಖತಂ ಆಗಿ, ವೈರಿ ಚಾ ಕುಡಿದು ಮನೀಗಿ ಹೋಗಿರ್ತಾನ."

"ನಿಮ್ಮ ಮಿರಾಜಿಗಿ ರೆಕ್ಕಿ ಮಡಚಲಿಕ್ಕೆ ಬರ್ತದಂತ. ಛತ್ರಿ ಇದ್ದಂಗ. ಮಳೀ ಬಂದ್ರ ಏನ್ ಮಾಡ್ತಾರ?"

ಇಲ್ಲಿ ನಾನು ತಪ್ಪಿದೆ. ಹದಿನಾಲ್ಕು ತಿಂಗಳು ಬಾಯಿ ಬಿಡದವಳು, ಒಳಬಂದ ಟಪಾಲು ನಮೂದಿಸುತ್ತಿದ್ದವಳು, ತಲೆಯೆತ್ತದೆ ಹೇಳಿದೆ: "ರೆಕ್ಕಿ ಹಿಂದಕ ಸರಿಯೂದು ಮಿಗ್‌ನವು ರೀ. ಮಿರಾಜಿನವು ಸರಿಯೂದಿಲ್ಲ."

ಇಬ್ರಾಹಿಂ ಸಾಹೇಬರು "ಅರೆ, ಬೇಟಿಗಿ ಗೊತ್ತದ!" ಎಂದರು. ಶಿವಶರಣಪ್ಪನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಹೊಸದಾಗಿ ನೋಡಿದರು.

ಅದೇ ವಾರ ನಾನೊಂದು ಅರ್ಜಿ ಕೊಟ್ಟಿದ್ದೆ. ಗುಲಬರ್ಗಾದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯ ಜಾಗ ಖಾಲಿಯಿತ್ತು. ನನಗೆ ಸಂಬಂಧಪಟ್ಟೂ ನಾನು ನಿಜವಾಗಿ ಬಯಸಿದ ವಸ್ತು ಅದೊಂದೇ. ಸರಕಾರಿ ನೌಕರಳಾದ್ದರಿಂದ ಅರ್ಜಿ ಸೂಕ್ತ ಮಾರ್ಗದ ಮೂಲಕ ಹೋಗಬೇಕು. ಎಂದರೆ ನಮ್ಮ ಕಚೇರಿಯ ಅಧಿಕಾರಿ ಸಾಹೇಬರ ಸಹಿ, ಅಲ್ಲಿಂದ ಗುಲಬರ್ಗಾದ ಜಿಲ್ಲಾ ಕಚೇರಿ, ಅಲ್ಲಿಂದ ಕಾಲೇಜು. ಕಡೆಯ ದಿನಕ್ಕೆ ಎರಡು ವಾರವಿತ್ತು. ಸೂಕ್ತ ಮಾರ್ಗದ ಮೊದಲ ಮೈಲಿಗಲ್ಲಾಗಿ ಕುಳಿತವರು ಶಿವಶರಣಪ್ಪನವರು.

"ಅರ್ಜಿ ಕಳಸೋಣಂತ, ಯವ್ವಾ. ಏನ್ ಅವಸರ? ಮೊದಲ ಮೂರೂ ವಿಮಾನದ್ದು ಒಂದು ತಖ್ತೆ ಮಾಡಿ ಕೊಡ್ರಿ. ಯಾವುದು ಹೆಚ್ಚು, ಯಾವುದು ಕಮ್ಮಿ, ಬರೋಬ್ಬರಿ ಕಾಗದದ ಮ್ಯಾಲ ಬರ್ಲಿ. ಬಾಯಿಮಾತಿಗಿ ಕಿಮ್ಮತ್ತಿಲ್ಲ."

ನಮ್ಮ ಕಚೇರಿಯಲ್ಲಿ ಮೂರು ವಸ್ತುಗಳನ್ನು ಹೋಲಿಸಬೇಕೆಂದರೆ ಇದ್ದದ್ದು ಒಂದೇ ನಮೂನೆ. ಕುರ್ಚಿಯಾಗಲಿ, ಕಬ್ಬಿಣದ ಕಪಾಟಾಗಲಿ ಕೊಳ್ಳುವ ಮೊದಲು ಮೂರು ಕಡೆಯಿಂದ ದರಪಟ್ಟಿ ತರಿಸಿ ತುಂಬುವ ಅಚ್ಚಾದ ತುಲನಾತ್ಮಕ ತಖ್ತೆ. ಇಬ್ರಾಹಿಂ ಸಾಹೇಬರು ಅದರ ಒಂದು ಹಾಳೆ ತಂದುಕೊಟ್ಟರು. ನಾನು ಎರಡು ಮಧ್ಯಾಹ್ನ ಕುಳಿತು ತುಂಬಿದೆ. 'ಸಾಮಗ್ರಿಯ ಹೆಸರು' ಎಂಬಲ್ಲಿ ಕ್ರಮಾಂಕ 1 ಎಫ್-16, 2 ಮಿರಾಜ್-2000, 3 ಮಿಗ್-23 ಎಂದಷ್ಟೇ ಬರೆದೆ. ಸರಕಾರಿ ನಮೂನೆಯಲ್ಲಿ 'ಯುದ್ಧವಿಮಾನ' ಎಂದು ಬರೆಯುವುದು ಅತಿಯಾದೀತು ಎಂಬ ಸಂಕೋಚ. 'ವಿವರ' ಎಂಬಲ್ಲಿ ಮೂರಕ್ಕೂ 'ಒಂದೇ ಆಸನ' ಎಂದು ಬರೆದೆ. ಕೊನೆಯ 'ಷರಾ' ಕಾಲಂನಲ್ಲಿ ನನಗೆ ಎಂದೂ ಸಿಗದಿದ್ದ ಸುಖ ಸಿಕ್ಕಿತು. ಮೂರನೆಯದು ನೇರ ಓಟದಲ್ಲಿ ಬಲು ಚುರುಕು, ತಿರುವಿನಲ್ಲಿ ಮೊದ್ದು. ಎರಡನೆಯದು ಮೊದಲ ತಿರುವನ್ನು ಥಟ್ಟನೆ ತೆಗೆದುಕೊಳ್ಳುತ್ತದೆ, ಆದರೆ ತ್ರಿಕೋನದ ರೆಕ್ಕೆಯಿಂದಾಗಿ ವೇಗ ಕಳೆದುಕೊಳ್ಳುತ್ತದೆ. ಮೊದಲನೆಯದು ಹಗುರ, ಎಂಜಿನ್ ಬಲಶಾಲಿ. ತಿರುಗುತ್ತಲೇ ಇದ್ದರೂ ದಣಿಯುವುದಿಲ್ಲ. ಸತತ ತಿರುವಿನಲ್ಲಿ ಇದೇ ಉತ್ತಮ.

ಶಿವಶರಣಪ್ಪನವರ ಮುಖ ಬಾಡಿತು. "ಇದೇನ್ ಯವ್ವಾ, ವೈರಿದು ಉತ್ತಮ ಅಂತ ಬರ್ದೀರಲ್ಲ! ಸರಕಾರದ ಪಗಾರ ತಗೊಂಡು!"

"ಅದು ಹಂಗೇ ಅದ ರೀ."

"ಇದ್ರ ಇರ್ಲಿ. ಬರೀಬೇಕಂತೇನದ?" ಎಂದವರೇ, ತಖ್ತೆಯ ಕೆಳಗೆ 'ಶಿಫಾರಸು ಮಾಡಿದ ಕ್ರಮಾಂಕ' ಎಂಬ ಖಾಲಿ ಜಾಗದಲ್ಲಿ ಕೆಂಪು ಶಾಯಿಯಿಂದ '3' ಎಂದು ಬರೆದು ದೇಶವನ್ನು ಉಳಿಸಿದರು. ಆಮೇಲೆ ತೃಪ್ತಿಯಿಂದ ನನ್ನ ಅರ್ಜಿಯನ್ನೂ ತಖ್ತೆಯನ್ನೂ ಒಂದೇ ಕಡತದಲ್ಲಿಟ್ಟುಕೊಂಡು ಮನೆಗೆ ಹೋದರು.

ನಮ್ಮ ಸಾಹೇಬರು ಸಜ್ಜನರು. ಎಲ್ಲಿ ಪೆನ್ಸಿಲಿನ ಗುರುತಿದೆಯೋ ಅಲ್ಲಿ ಸಹಿ ಮಾಡುವರು. ಗುರುತು ಹಾಕಿರದಿದ್ದರೆ ಖಾಲಿ ಜಾಗ ಕಂಡಲ್ಲಿ ಮಾಡುವರು. ಮರುದಿನ ಆ ಕಡತದಲ್ಲಿ ಅರ್ಜಿಗೂ ಸಹಿ ಬಿತ್ತು, ತಖ್ತೆಗೂ ಬಿತ್ತು. ಸಹಿಯಾದ ಕಾಗದವನ್ನು ಬಿಟ್ಟು ಕಳಿಸುವುದು ಇಬ್ರಾಹಿಂ ಸಾಹೇಬರ ಸ್ವಭಾವದಲ್ಲಿಲ್ಲ. ನನ್ನ ಎರಡು ಅಂಕಪಟ್ಟಿಗಳ ಹಿಂದೆ ಅದನ್ನೂ ಸೇರಿಸಿ, ದಾರ ಪೋಣಿಸಿ, 'ಅಡಕ-3' ಎಂದು ಬರೆದು ಗುಲಬರ್ಗಾಕ್ಕೆ ರವಾನಿಸಿದರು.

ಕಡೆಯ ದಿನದ ಹಿಂದಿನ ಮಧ್ಯಾಹ್ನ ಅರ್ಜಿ ಆಕ್ಷೇಪಣೆಯೊಂದಿಗೆ ಮರಳಿ ಬಂತು. ವಾಹನ ಖರೀದಿಗೆ ಸರಕಾರದ ನಿರ್ಬಂಧವಿರುವಾಗ ಈ ಪ್ರಸ್ತಾವನೆ ಹೇಗೆ ಕಳಿಸಿದಿರಿ ಎಂದು ಜಿಲ್ಲಾ ಕಚೇರಿ ಕೇಳಿತ್ತು. ಷರಾದಲ್ಲಿ ಕ್ರಮಾಂಕ 1 ಉತ್ತಮವೆಂದಿದ್ದು 3ನ್ನು ಶಿಫಾರಸು ಮಾಡಲು ಕಾರಣವೇನು ಎಂದು ಕೇಳಿತ್ತು. ಅಲ್ಲದೆ, ಒಂದೇ ಆಸನವಿರುವ ಜೀಪಿನಲ್ಲಿ ಚಾಲಕ ಕುಳಿತ ಮೇಲೆ ಅಧಿಕಾರಿಗಳು ಎಲ್ಲಿ ಕುಳಿತುಕೊಳ್ಳತಕ್ಕದ್ದು? ಸಮಜಾಯಿಷಿ ಬರುವವರೆಗೆ ಅರ್ಜಿಯನ್ನು ಕಾಲೇಜಿಗೆ ಕಳಿಸಲಾಗುವುದಿಲ್ಲ.

ನಮ್ಮ ಸಾಹೇಬರು ಅದನ್ನು ಎರಡು ಸಲ ಓದಿ, "ಕಡೀ ಪ್ರಶ್ನೆ ಮಾತ್ರ ಬರೋಬ್ಬರಿ ಕೇಳ್ಯಾರ" ಎಂದರು.

ಮರುದಿನ ನಾನೇ ಅರ್ಜಿ ಹಿಡಿದು ಗುಲಬರ್ಗಾದ ರೈಲು ಹತ್ತಿದೆ. ಜಿಲ್ಲಾ ಕಚೇರಿಯ ಮ್ಯಾನೇಜರರು ಸಿಕ್ಕಾಗ ಮೂರೂವರೆಯಾಗಿತ್ತು. ಕಾಲೇಜು ಅಲ್ಲಿಂದ ಹತ್ತು ನಿಮಿಷದ ದಾರಿ. ಐದಕ್ಕೆ ಅರ್ಜಿ ತೆಗೆದುಕೊಳ್ಳುವುದು ಮುಗಿಯುತ್ತದೆ. ಅವರು ನನ್ನ ಮಾತನ್ನೆಲ್ಲ ಕೇಳಿ, ಹೊಟ್ಟೆ ಕುಣಿಯುವಷ್ಟು ನಕ್ಕು, ಕಣ್ಣೊರೆಸಿಕೊಂಡು, ಒಂದು ಬಿಳಿಹಾಳೆ ನನ್ನ ಮುಂದೆ ಸರಿಸಿದರು.

"ಇಷ್ಟೇ ಬರೀರಿ, ಯವ್ವಾ. 'ಸದರಿ ತಖ್ತೆಯಲ್ಲಿಯ ಮಾಹಿತಿ ಸಂಪೂರ್ಣ ಸುಳ್ಳು ಇರುತ್ತದೆ.' ಕೆಳಗ ಸಹಿ. ಈಗಿಂದೀಗ ನಿಮ್ಮ ಅರ್ಜಿ ಕಾಲೇಜಿಗಿ ಮುಟ್ಟಿಸ್ತೀನಿ."

"ಕಣ್ತಪ್ಪಿನಿಂದ ಸೇರ್ಯದಂತ ಬರೀತೀನ್ರಿ, ಸರ್."

"ಕಣ್ತಪ್ಪು ಅಂದ್ರ ನಿಮ್ಮ ಸಾಹೇಬರು ನೋಡಲಾರದೇ ಸಹಿ ಮಾಡ್ಯಾರಂತಾಯ್ತು. ಸರಕಾರದಾಗ ಸುಳ್ಳು ನಡೀತದ, ಕಣ್ತಪ್ಪು ನಡಿಯಂಗಿಲ್ಲ."

ಒಂದು ವಾಕ್ಯ. ಬೇರೆ ಯಾರಾದರೂ ನಿಂತಲ್ಲೇ ಬರೆದುಕೊಟ್ಟು ಉಪನ್ಯಾಸಕಿಯಾಗುತ್ತಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. "ಸುಳ್ಳಲ್ರಿ ಸರ್, ಅದು ಖರೇ ಅದ" ಎಂದೆ.

"ಯಾವುದು ಖರೇ? ಮಿಗ್ ತಿರುಗೂದಿಲ್ಲಂತ ಬರ್ದೀರಲ್ಲ, ಅದಾ?" ಮ್ಯಾನೇಜರರ ನಗು ನಿಂತಿತು. ಅವರೂ ಮಿಗ್ಗಿನ ಕಡೆಯವರೆಂದು ನನಗೆ ಹೇಗೆ ಗೊತ್ತಾಗಬೇಕು?

ಆಮೇಲೆ ನಡೆದದ್ದನ್ನು ನೆನೆದರೆ ಕಿವಿ ಬಿಸಿಯಾಗುತ್ತವೆ. ಅವರ ಮೇಜಿನ ಮೇಲೆ ಶಹಾಬಾದ ಕಲ್ಲಿನ ಎರಡು ನುಣುಪು ತುಂಡುಗಳು ಕಾಗದಕ್ಕೆ ಭಾರವಾಗಿ ಕುಳಿತಿದ್ದವು. ಅವೆರಡನ್ನೂ ಎತ್ತಿಕೊಂಡೆ. ಒಂದು ಮಿಗ್, ಒಂದು ಎಫ್-16. ಒಂದು ಮತ್ತೊಂದರ ಹಿಂದೆ ಹೇಗೆ ಬೀಳುತ್ತದೆ, ತಿರುಗುವಾಗ ರೆಕ್ಕೆಯ ಮೇಲೆ ಭಾರ ಹೇಗೆ ಹೆಚ್ಚುತ್ತದೆ, ವೇಗವಿದ್ದವನು ಗೆಲ್ಲುವುದು ಯಾವಾಗ, ತಿರುವು ಬಲ್ಲವನು ಗೆಲ್ಲುವುದು ಯಾವಾಗ, ದೂರದಿಂದಲೇ ಕ್ಷಿಪಣಿ ಬಿಟ್ಟರೆ ಈ ಲೆಕ್ಕವೆಲ್ಲ ಹೇಗೆ ಬುಡಮೇಲಾಗುತ್ತದೆ ಎಂದು ಕೈಯೆತ್ತಿ, ಮೇಜು ಸುತ್ತಿ ಹೇಳಿದೆ. ಪಕ್ಕದ ಕೋಣೆಯ ಗುಮಾಸ್ತರು ಬಂದು ನಿಂತರು. ಒಬ್ಬರು ಬಾಗಿಲಿಗೆ ಒರಗಿ "ಮಿರಾಜ್ ಎಲ್ಲದ ರೀ?" ಎಂದರು, ಅವರಿಗಾಗಿ ಶಾಯಿಯ ಕುಡಿಕೆಯನ್ನು ಹಾರಿಸಿದೆ. ಅಷ್ಟು ಜನ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಮ್ಯಾನೇಜರರು ಕೊಕ್ಕೆ ಹಾಕಿದಷ್ಟೂ ನಾನು ಬಿಡಿಸಿದೆ. ಕಡೆಗೆ ಅವರು ಎರಡೂ ಕೈಯೆತ್ತಿ, "ಆಯ್ತು ತಾಯಿ, ತಿರುಗೂದಿಲ್ಲ. ಮಿಗ್ ತಿರುಗೂದಿಲ್ಲ" ಎಂದು ಶರಣಾದರು. ನಾನು ಗೆದ್ದೆ. ಗೋಡೆಯ ಗಡಿಯಾರ ನೋಡಿದಾಗ ಐದೂ ಹತ್ತು.

ಮ್ಯಾನೇಜರರೂ ನೋಡಿದರು. ಪಾಪ, ಅವರಿಗೂ ಕೆಡುಕೆನಿಸಿರಬೇಕು. "ಎಷ್ಟು ಛಲೋ ತಿಳಿಸಿ ಹೇಳಿದ್ರಿ, ಯವ್ವಾ!" ಎಂದರು. "ಖರೇ ಅಂದ್ರ, ನೀವು ಕಾಲೇಜಿನಾಗ ಇರಬೇಕಾಗಿತ್ತು ನೋಡ್ರಿ."

ಅರ್ಜಿ ಕೈಚೀಲದಲ್ಲಿಟ್ಟುಕೊಂಡು ಏಳಹೊರಟೆ. ಅವರು ಮೆಲ್ಲಗೆ ಆ ಬಿಳಿಹಾಳೆಯನ್ನು ಮತ್ತೆ ಮುಂದೆ ಸರಿಸಿದರು. ಅರ್ಜಿ ಹೋದರೂ ಆಕ್ಷೇಪಣೆ ಹೋಗುವುದಿಲ್ಲವಲ್ಲ. ಕಡತ ಮುಚ್ಚಬೇಕೆಂದರೆ ಒಂದು ಉತ್ತರ ಬೇಕೇ ಬೇಕು. ವಾಡಿಯ ರೈಲಿಗೆ ಅರ್ಧ ಗಂಟೆಯಿತ್ತು. ನಾನು ಮರುಮಾತಿಲ್ಲದೆ, ಮುತ್ತಿನಂಥ ಅಕ್ಷರಗಳಲ್ಲಿ, ಸದರಿ ತಖ್ತೆಯಲ್ಲಿಯ ಮಾಹಿತಿ ಸಂಪೂರ್ಣ ಸುಳ್ಳು ಇರುತ್ತದೆ ಎಂದು ಬರೆದು ಸಹಿ ಮಾಡಿಕೊಟ್ಟೆ. ಅದೇ ಸುಳ್ಳನ್ನು ಒಂದೂವರೆ ಗಂಟೆ ಮೊದಲು ಬರೆದಿದ್ದರೆ, ಇಂದು ಗುಲಬರ್ಗಾದ ಹುಡುಗಿಯರಿಗೆ ದಿನಾ ಮೂರು ತಾಸು ಸತ್ಯವನ್ನೇ ಹೇಳಿಕೊಂಡಿರುತ್ತಿದ್ದೆ.