ಪೂರ್ಣ ಬಳಕೆಯಲ್ಲಿರುವ ಬಡಾವಣೆ

ನಮ್ಮ ಹೊಸ ಬಡಾವಣೆಯಲ್ಲಿ ರಸ್ತೆ, ನಲ್ಲಿ, ಚರಂಡಿ, ಬೀದಿದೀಪ ಎಲ್ಲವೂ ಇವೆ ಎಂದು ಸಾರ್ವಜನಿಕರ ಗಮನಕ್ಕೆ ತರಲು ಇಲಾಖೆ ಹರ್ಷಿಸುತ್ತದೆ. ಮನೆಗಳಿಲ್ಲ. ಇದೊಂದನ್ನೇ ಹಿಡಿದು ಜಗ್ಗಾಡುವ ಜನರಿದ್ದಾರೆ. ಅವರ ಬಾಯಿ ಮುಚ್ಚಿಸಲೆಂದೇ ಇಲಾಖೆಯ ಪ್ರಚಾರಾಧಿಕಾರಿಯಾದ ನಾನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಸರ್ಕಾರ ಅನುದಾನ ಕೊಟ್ಟದ್ದೇ ಅಲ್ಲಿ ಮನೆಗಳು ಏಳಲಿ ಅಂತ. ಮೊದಲು ಸೌಕರ್ಯ, ಆಮೇಲೆ ಮನೆ. ಆದರೆ ಸರ್ಕಾರದ ದುಡ್ಡು ಮಣ್ಣುಪಾಲಾಗಬಾರದಲ್ಲ? ಅದಕ್ಕೇ ಒಂದು ನಿಯಮ ಮಾಡಿದೆವು: ಸದರಿ ಸೌಕರ್ಯಗಳನ್ನು ನಿವಾಸಿಗಳು ದಿನವೂ ಬಳಸುತ್ತಿದ್ದಾರೆಂದು ರುಜುವಾತಾದ ನಂತರವೇ ಮನೆ ಕಟ್ಟಲು ಅನುಮತಿ. ಮನೆಯಿಲ್ಲದೆ ನಿವಾಸಿ ಎಲ್ಲಿಂದ ಬರಬೇಕು ಎಂದು ಯಾರೂ ಕೇಳಲಿಲ್ಲ, ಮೂಲೆ ನಿವೇಶನದ ಟೈಲರಮ್ಮನನ್ನು ಬಿಟ್ಟು.

ಆಕೆಯದು ನಾಲ್ಕನೇ ಮಹಡಿಯ ಬಾಡಿಗೆ ರೂಮು. ಜೊತೆಗೆ ಮಂಡಿ ಸೋತ ಅತ್ತೆ. ಮುದುಕಿ ನೆಲ ತುಳಿದು ಎಷ್ಟೋ ಕಾಲವಾಗಿತ್ತು.

"ನೆಲದ ಮೇಲೊಂದು ಮನೆ ಆದ್ರೆ ಸಾಕು ಸಾರ್. ಅತ್ತೆ ಬಾಗಿಲಾಚೆ ಒಂದು ಹೆಜ್ಜೆ ಇಡ್ಬೇಕು, ಅಷ್ಟೇ."

"ಅದಕ್ಕೇನಂತೆ? ಬಂದು ಬಳಸಿ ತೋರ್ಸಮ್ಮ. ಬೇಡ ಅಂದೋರ್ಯಾರು?" ಎಂದರು ನಮ್ಮ ಇಂಜಿನಿಯರು.

ಬಳಸಿದರು. ನಿವೇಶನದಾರರೆಲ್ಲ ಬೆಳಗಾಗುತ್ತಲೇ ಬಸ್ಸು ಹಿಡಿದು ಬಂದು ನಮ್ಮ ನಲ್ಲಿಯಲ್ಲಿ ಹಲ್ಲುಜ್ಜಿದರು, ನಮ್ಮ ಚರಂಡಿಗೆ ಬಕೆಟ್ಟುಗಟ್ಟಲೆ ನೀರು ಸುರಿದರು, ವಾಹನ ಸಂಚಾರದ ಕೊರತೆ ಕಾಣದಿರಲೆಂದು ರಸ್ತೆಯುದ್ದಕ್ಕೂ ಓಡಾಡಿದರು. ಪಕ್ಕದ ನಿವೇಶನದ ನಿವೃತ್ತ ಕಂಡಕ್ಟರಂತೂ ತಿರುವಿನಲ್ಲಿ ನಿಂತು "ರೈಟ್, ರೈಟ್" ಅಂತ ಕೂಗಿದರು. ಪಾಪ, ಅವರನ್ನು ಯಾರೂ ಕೇಳಿರಲಿಲ್ಲ.

ತನಿಖೆಗೆ ಬಂದ ಮೇಲಧಿಕಾರಿಗಳು ಮುಖ ಸಿಂಡರಿಸಿದರು. "ಇವ್ರು ಬಂದು ಹೋಗೋ ಜನ. ಸಂಸಾರ ಎಲ್ರೀ?"

ಮರುದಿನವೇ ಕಂಡಕ್ಟರೂ ಅವರ ಅಳಿಯನೂ ಸೇರಿ ಟೈಲರಮ್ಮನ ಅತ್ತೆಯನ್ನು ಕುರ್ಚಿ ಸಮೇತ ಮೆಟ್ಟಿಲಿಳಿಸಿ ತಂದರು. ಮುದುಕಿ ಮಣ್ಣಿಗೆ ಕಾಲೂರಿ, "ಅಯ್ಯೋ, ತಣ್ಣಗಿದೆ ಕಣೇ!" ಎಂದು ಚಿಕ್ಕ ಮಗುವಿನ ಹಾಗೆ ನಕ್ಕರು. ನನಗೂ ಸಂತೋಷವಾಯಿತು, ಸುಳ್ಳೇಕೆ. ಗೊಂದಲ ಬೇಡವೆಂದು ಇಲಾಖೆಯೇ ನಿವೇಶನಗಳಲ್ಲಿ ಸುಣ್ಣದ ಗೆರೆ ಎಳೆಸಿ ಅಡುಗೆಮನೆ, ನಡುಮನೆ, ಬಚ್ಚಲು ಎಂದು ಗುರುತು ಮಾಡಿಕೊಟ್ಟಿತು. ವಾರ ಕಳೆಯುವುದರೊಳಗೆ ಜಗಳವೂ ಶುರುವಾಯಿತು.

"ಏನ್ರೀ ಕಂಡಕ್ಟ್ರೇ, ಬಾಗಿಲು ತಟ್ಟಿ ಬರಕ್ಕಾಗಲ್ವಾ? ಗೋಡೆಯೊಳಗಿಂದ ನುಗ್ತೀರಲ್ಲ!" ಎಂದಳು ಟೈಲರಮ್ಮ.

"ತಪ್ಪಾಯ್ತು ತಾಯಿ, ಕಾಣ್ಲಿಲ್ಲ."

ಇದಕ್ಕಿಂತ ಸಾಕ್ಷಿ ಬೇಕೆ? ಬಡಾವಣೆ ಪೂರ್ಣ ಬಳಕೆಯಲ್ಲಿದೆ ಎಂದು ವರದಿ ಹೋಯಿತು. ಸೂರು ಸೋರಿದ ದೂರಿಲ್ಲ, ಗೋಡೆ ಬಿರುಕುಬಿಟ್ಟ ದೂರಿಲ್ಲ. ಮೇಲಧಿಕಾರಿಗಳು ಓದಿ ತಲೆದೂಗಿದರು. "ಇಷ್ಟು ಚೆನ್ನಾಗಿ ನಡೀತಿರೋವಾಗ ಮನೆ ಯಾಕ್ರೀ ಮಧ್ಯೆ?" ಉದ್ದೇಶ ಈಡೇರಿದ ಕಾರಣ ಅನುಮತಿಯ ಅಗತ್ಯ ಕಂಡುಬರುವುದಿಲ್ಲ ಎಂದು ಆದೇಶವಾಯಿತು. ಉಳಿದ ಅನುದಾನದಲ್ಲಿ ಸ್ವಾಗತ ಕಮಾನು ಎದ್ದಿತು. ಒಬ್ಬರಿಗೆ ಎರಡು ವಾಸಸ್ಥಳ ನಿಯಮಬಾಹಿರವಾದ್ದರಿಂದ ಟೈಲರಮ್ಮನ ಬಾಡಿಗೆ ರೂಮಿನ ಮಾಲೀಕನಿಗೂ ತಿಳುವಳಿಕೆ ಪತ್ರ ಹೋಯಿತು. ಕಾನೂನಿಗೆ ತಲೆಬಾಗುವ ಮನುಷ್ಯ. ಅಂದೇ ಹೊಲಿಗೆ ಯಂತ್ರವನ್ನು ಬೀದಿಗಿಟ್ಟು ಬೀಗ ಜಡಿದ.

ಟೈಲರಮ್ಮ ಕಚೇರಿಗೆ ಬಂದಳು. "ಹೊಟ್ಟೆ ಉರೀತಿದೆ ಸಾರ್. ನನ್ನ ಮನೆ ಎಲ್ಲಿ?"

ನಾನು ಕುರ್ಚಿ ಕೊಟ್ಟು ಕೂರಿಸಿದೆ. ನಕ್ಷೆ ಬಿಡಿಸಿ, "ಇಲ್ಲೇ ಇದೆಯಲ್ಲಮ್ಮ," ಎಂದು ಬೆರಳಿಟ್ಟು ತೋರಿಸಿದೆ. ಆಕೆ ಬಹಳ ಹೊತ್ತು ನೋಡಿ ಎದ್ದು ಹೋದಳು.

ನಿನ್ನೆ ಸಂಜೆ ಪ್ರಚಾರ ಪುಸ್ತಿಕೆಗೆ ಫೋಟೋ ತೆಗೆಯಲು ಬಡಾವಣೆಗೆ ಹೋಗಿದ್ದೆ. ಟೈಲರಮ್ಮನ ನಡುಮನೆಯಲ್ಲಿ ಕೂರಿಸಿಕೊಂಡರು. ಅಷ್ಟರಲ್ಲಿ ಧೋ ಎಂದು ಮಳೆ ಹಿಡಿಯಿತು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಕುರ್ಚಿಯಲ್ಲಿದ್ದ ಅತ್ತೆ ನಡುಗುತ್ತಾ, "ಎರಚಲು ಹೊಡೀತಿದೆ ಕಣೇ, ಕಿಟಕಿ ಹಾಕೇ," ಎಂದರು.

ಟೈಲರಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಸುಣ್ಣದ ಗೆರೆಯ ತನಕ ಹೋಗಿ, ಎರಡೂ ಕೈಯಿಂದ ಕಿಟಕಿ ಎಳೆದು, ಚಿಲಕ ಹಾಕಿದಳು. ಪಕ್ಕದ ಮನೆಯಲ್ಲಿ ಕಂಡಕ್ಟರೂ ತಮ್ಮದನ್ನು ಹಾಕಿಕೊಂಡರು.

"ಈಗ ಬೆಚ್ಚಗಾಯ್ತು ನೋಡು," ಎಂದರು ಮುದುಕಿ.