ಜೋಡಿದೋಣಿ ಮಗುಚಿದ ಮೇಲೆ

ಕೆರೆ ತುಂಬಿದ ವರ್ಷಗಳಲ್ಲಿ ನನ್ನ ಸೀರೆ ಪೂರ್ತಿ ಒಣಗಿದ್ದೇ ಇಲ್ಲ. ಆಗಿನ್ನೂ ಮಹಾರಾಜರ ಕಾಲ. ನಾನು ಕೊರಟಗೆರೆ ಸೀಮೆಯ ಸರ್ಕಾರಿ ಸೂಲಗಿತ್ತಿ. ಕೋಡಿ ಹರಿದು ದಾರಿ ಮುಳುಗಿದರೆ ಆಚೆಯ ಹಳ್ಳಿಗಳಿಗೆ ಜೋಡಿದೋಣಿಯೊಂದೇ ಗತಿ. ಕೊರೆದ ಎರಡು ಮರದ ಬೊಡ್ಡೆಗಳನ್ನು ಅಡ್ಡ ಇಟ್ಟ ಬಿದಿರುಗಳುವಿನಿಂದ ಬಿಗಿದದ್ದು. ಅದು ಮಗುಚುವುದು ನನಗೆ ಬೇಗ ರೂಢಿಯಾಯಿತು. ಮತ್ತೆ ಹತ್ತುವುದೇ ಕಷ್ಟ.

ಆ ಕಡೆ, ಈ ಕಡೆ

ಮೊದಲ ಸಲ ಗಾಳಿಗೆ ಮಗುಚಿತು. ನನಗೆ ಈಜು ಬರದು, ಬೊಡ್ಡೆ ತಬ್ಬಿಕೊಂಡಿದ್ದೆ. ಅಂಬಿಗ ಕಡ್ಡಿಯಂಥ ಮನುಷ್ಯ, ನಾನೋ ಆಗಲೇ ಗುಂಡುಗುಂಡಗೆ. ಅವನು ಹೇಗೋ ದೋಣಿಯನ್ನು ನೆಟ್ಟಗೆ ಮಾಡಿದ.

"ಒಂದೇ ಕಡೆ ಭಾರ ಬಿದ್ರೆ ಮತ್ತೆ ಮಗುಚ್ತದೆ ಕಣಮ್ಮ. ನಾನು ಈ ಕಡೆಯಿಂದ, ನೀವು ಆ ಕಡೆಯಿಂದ. ಹೂಂ, ಹತ್ತಿ!"

ಹತ್ತಿದೆ. ನನ್ನ ಕಡೆ ಇಳಿಯಿತು, ಅವನ ಕಡೆ ಎದ್ದಿತು. ಅವನು ನನ್ನ ತಲೆಯ ಮೇಲಿಂದ ಹಾರಿ ಆಚೆ ಬಿದ್ದ. ಬಾಯಲ್ಲಿದ್ದ ನೀರು ಉಗುಳಿ, "ಇನ್ಮೇಲೆ ಹಿಂದ್ಗಡೆಯಿಂದ ಒಬ್ಬೊಬ್ರೇ ಹತ್ತಾವ. ಮೊದ್ಲು ನೀವು. ನಾನು ಒಸಿ ದೂರ ಇರ್ತೀನಿ" ಅಂದ.

ಅತ್ತೆ, ಅಳಿಯ

ಇನ್ನೊಮ್ಮೆ ಬಸುರಿಯ ತಾಯಿಯೂ ಗಂಡನೂ ನನ್ನ ಜೊತೆಗಿದ್ದರು. ಆಯಮ್ಮ ಅಳಿಯನ ಎದುರು ನಿಂತವರಲ್ಲ, ಮಾತಾಡಿದವರೂ ಅಲ್ಲ. ನಡುಕೆರೆಯಲ್ಲಿ ದೋಣಿ ಮಗುಚಿತು. ಅಳಿಯ ಮೊದಲು ಹತ್ತಿ ಅತ್ತೆಗೆ ಕೈ ಚಾಚಿದ. ಆಯಮ್ಮ ಕತ್ತಿನವರೆಗೆ ನೀರಲ್ಲಿದ್ದುಕೊಂಡೇ ಸೆರಗನ್ನು ತಲೆಗೆ ಎಳೆದುಕೊಂಡರು.

"ನರ್ಸಮ್ಮಾ, ಅಳಿಯಂದ್ರಿಗೆ ಆ ಕಡೆ ತಿರುಗಾಕೆ ಹೇಳಿ."

ಅವನು ತಿರುಗಿದ. ದೋಣಿಯೂ ತಿರುಗಿತು.

ಮತ್ತೆ ಮೇಲೆ ಬಂದಾಗ ಆಯಮ್ಮನ ಮುಷ್ಟಿಯಲ್ಲಿ ಅಳಿಯನ ಜುಟ್ಟಿತ್ತು. ಅದನ್ನೇ ಹಿಡಿದು ದೋಣಿ ಹತ್ತಿದರು. ದಡ ಸೇರುವವರೆಗೂ ಬಿಡಲಿಲ್ಲ. ಇಳಿದ ಮೇಲೆ ನನ್ನ ಕಿವಿಯಲ್ಲಿ, "ಕೈ ಮುಟ್ಲಿಲ್ಲ ಬುಡಿ, ಮರ್ವಾದೆ ಉಳೀತು" ಅಂದರು.

ನಗುತ್ತಲೇ ಹೆತ್ತವಳು

ಮತ್ತೊಂದು ದಿನ ಮಾತ್ರ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ. ಚೊಚ್ಚಲ ಹೆರಿಗೆ; ಹುಡುಗಿ ಬೆಳಗಿನಿಂದ ತಿಣುಕಿ ಸೋತಿದ್ದಾಳೆಂದು ಹೇಳಿಕಳಿಸಿದ್ದರು. ಅಂಥ ಹೊತ್ತಿನಲ್ಲೇ ದೋಣಿ ಮಗುಚಬೇಕೆ! ಅಷ್ಟರಲ್ಲಿ ವಿದ್ಯೆ ಕೈಗೆ ಬಂದಿತ್ತು: ಹಿಂದಿನಿಂದ ಎರಡು ಬೊಡ್ಡೆಗಳ ನಡುವೆ ಎದೆಯಿಟ್ಟು, ಕಾಲು ಬಡಿದು, ಮೀನಿನಂತೆ ಜಾರಿಕೊಂಡು ಹತ್ತಿದೆ. ಹುಟ್ಟು ತೇಲಿಹೋಗಿತ್ತು. ಅಂಬಿಗನೂ ನಾನೂ ಕೈಯಲ್ಲೇ ನೀರು ತಳ್ಳಿ ದಡ ಮುಟ್ಟಿದೆವು.

ತಲೆ ತುಂಬ ಪಾಚಿ, ಹಲ್ಲು ಕಟಕಟ. ಬಿಸಿನೀರು, ಸೋಪಿನಲ್ಲಿ ಕೈ ತೊಳೆದು ಹುಡುಗಿಯ ಮೇಲೆ ಬಾಗಿದ್ದೇ ತಡ, ನನ್ನ ತುರುಬಿನಿಂದ ಕಪ್ಪೆಯೊಂದು ಚಂಗನೆ ನೆಗೆದು ಅವಳ ಅತ್ತೆಯ ಮಡಿಲಲ್ಲಿ ಕೂತಿತು. ಅತ್ತೆ ಕಿರುಚಿದ್ದು ಕಂಡು ಹುಡುಗಿಗೆ ನಗು ಬಂತು. ಹೊಟ್ಟೆ ಕುಲುಕಿಸಿಕೊಂಡು ನಕ್ಕಳು, ಆ ನಗುವಿನ ನಡುವೆಯೇ ಕೂಸು ನನ್ನ ಕೈಗೆ ಬಂತು. ಅದು ಅತ್ತ ಮೇಲೆ ನಾನೂ ಗೋಡೆಗೊರಗಿ ಕಣ್ಣೊರೆಸಿಕೊಂಡೆ.

ಹೊರಡುವಾಗ ಅತ್ತೆ ಬಾಗಿಲವರೆಗೂ ಬಂದು ಕೈಮುಗಿದರು: "ಮುಂದಿನ ಹೆರಿಗೆಗೂ ನೀವೇ ಬರ್ಬೇಕು ಕಣಮ್ಮ. ಬರೋವಾಗ ಮರೀದೆ ಕೆರೆಗೆ ಬಿದ್ದೇ ಬನ್ನಿ!"